ಐದನೇ ನಂಬರಿನ ಅಂಗಿ

ಕುಂಬಾರಕೊಪ್ಪಲಿನ ಮಂಚಮ್ಮ ಫುಟ್ಬಾಲ್ ಪಂದ್ಯವನ್ನು ಮೊದಲಿಂದ ಕೊನೆಯವರೆಗೆ ನೋಡಿದ್ದು ಜೀವಮಾನದಲ್ಲಿ ಮೂರೋ ನಾಲ್ಕೋ ಸಲ. ಆದರೂ ಭಾನುವಾರದ ಪಂದ್ಯದಲ್ಲಿ ಯಾರು ಓಡಿದರು, ಯಾರು ನಿಂತರು, ಯಾರು ಹೆದರಿದರು ಅನ್ನುವುದು ಸೋಮವಾರ ಬೆಳಗ್ಗೆ ಹತ್ತು ಗಂಟೆಗೆಲ್ಲ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಕೊಪ್ಪಲು ಬಾಯ್ಸ್ ಕ್ಲಬ್ಬಿನ ಹುಡುಗರು ತೊಟ್ಟು ಬಿಚ್ಚಿದ ಜರ್ಸಿಗಳೆಲ್ಲ ಒಂದು ಗೋಣಿಚೀಲದಲ್ಲಿ ತುಂಬಿಕೊಂಡು ಅವಳ ಹಿತ್ತಲಿಗೆ ಬರುತ್ತಿದ್ದವು. ಹಿತ್ತಲಲ್ಲಿ ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಸೀಬೆ ಮರಕ್ಕೂ ಗೋಡೆಯ ಮೊಳೆಗೂ ಕಟ್ಟಿದ ಒಂದು ತಂತಿ. ಇಪ್ಪತ್ತಾರು ವರ್ಷದಿಂದ ಅವಳ ಸೋಮವಾರಗಳೆಲ್ಲ ಅಲ್ಲೇ ಕಳೆದಿದ್ದವು.

ಅವಳ ಗಂಡ ಗುರುಸಿದ್ದಯ್ಯ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಲಾರಿಗೆ ಲೋಡು ಹೊರುತ್ತಿದ್ದ. ಕಾಮಾಲೆಯಾಗಿ ಹದಿನೈದೇ ದಿನಕ್ಕೆ ಹೋಗಿಬಿಟ್ಟ. ಮಗ ಅಶೋಕನಿಗೆ ಆಗ ಎಂಟು ವರ್ಷ. ಅದೇ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ಸೂಸೈರಾಜ್, ತಿಥಿ ಮುಗಿದ ಮಾರನೇ ದಿನ ಬಾಗಿಲಿಗೆ ಬಂದು, ಒಳಗೆ ಬರದೆ, ಚಪ್ಪಲಿ ಬಿಡದೆ, ಹೊಸಿಲಾಚೆ ನಿಂತೇ ಕೇಳಿದರು: "ಅಮ್ಮ, ನಮ್ಮ ಕ್ಲಬ್ಬಿನ ಬಟ್ಟೆ ಒಗೆದುಕೊಡೋಕೆ ಆಗುತ್ತಾ? ಕೂಲಿ ಕೊಡ್ತೀವಿ. ಹುಡುಗನ್ನ ಸಾಯಂಕಾಲ ಗ್ರೌಂಡಿಗೆ ಕಳಿಸಿ, ಮನೇಲಿ ಕೂತು ಅಳೋದು ಬೇಡ."

ಸೂಸೈರಾಜ್ ಆ ಕ್ಲಬ್ಬಿನ ಮ್ಯಾನೇಜರ್. ಹುಡುಗರನ್ನು ಆರಿಸುವುದು, ಆಟ ಕಲಿಸುವುದು, ಯಾರು ಆಡಬೇಕು ಯಾರು ಕೂರಬೇಕು ಅಂತ ಹೇಳುವುದು, ಎಲ್ಲಾ ಅವರೇ. ಕಾರ್ಖಾನೆ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ನೇರ ಗ್ರೌಂಡಿಗೆ ಬರುತ್ತಿದ್ದರು, ಕೊರಳಲ್ಲಿ ಕಪ್ಪು ದಾರದ ವಿಷಲ್.

ಬಟ್ಟೆ ಒಗೆಯಲು ಶುರುಮಾಡಿ ಎರಡು ತಿಂಗಳಾಗಿತ್ತು. ಒಂದು ಸೋಮವಾರ ಕೂಲಿ ಕೊಡಲು ಬಂದ ಸೂಸೈರಾಜ್, ಸೋತ ಬೇಸರದಲ್ಲಿ ತಮ್ಮಷ್ಟಕ್ಕೆ ತಾವೇ ಒಂಬತ್ತನೇ ನಂಬರಿನ ಹುಡುಗನನ್ನು ಬೈಯುತ್ತಿದ್ದರು. ಕಲ್ಲಿನ ಮುಂದೆ ಕೂತಿದ್ದ ಮಂಚಮ್ಮ ತಲೆ ಎತ್ತದೆ ಹೇಳಿದಳು: "ಅವನನ್ನ ಯಾಕೆ ಬೈತೀರಿ ಸಾರ್? ಅವನ ಅಂಗಿ ಹಿಂಡಿದ್ರೆ ಉಪ್ಪುನೀರು ಇಳೀತು. ಆರನೇದು ನೋಡಿ, ಕಂಕುಳಲ್ಲಿ ಬೆವರೇ ಇಲ್ಲ. ಬೆನ್ನಿಗೆ ಮಾತ್ರ ಮಣ್ಣು. ಗೋಡೆಗೆ ಒರಗಿ ನಿಂತಿದ್ನೇನೋ."

ಸೂಸೈರಾಜ್ ಆರನೇ ಅಂಗಿ ಎತ್ತಿ ಬಿಸಿಲಿಗೆ ಹಿಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತುಕೊಂಡರು. "ಇನ್ನೇನು ಹೇಳುತ್ತೆ ಅಂಗಿ?"

"ಎರಡನೇದು ಕಾಲರ್ ಕಚ್ಚವ್ನೆ. ಹೆದರ್‍ಕೊಂಡವ್ನೆ. ಹನ್ನೊಂದನೇದು ಎದೆ ಪೂರ್ತಿ ಮಣ್ಣು. ಯಾರೂ ಬೀಳಿಸಿಲ್ಲ, ತಾನೇ ಬಿದ್ದವ್ನೆ, ಚೆಂಡಿಗೋಸ್ಕರ."

ಅವತ್ತಿಂದ ಸೋಮವಾರ ಹನ್ನೊಂದು ಗಂಟೆಗೆ ಸೂಸೈರಾಜ್ ಆ ಮೆಟ್ಟಿಲಿಗೆ ಬರುವುದು ತಪ್ಪಲಿಲ್ಲ. ಕಾರ್ಖಾನೆಯಲ್ಲಿ ಪಾಳಿ ಬದಲಿಸಿಕೊಂಡಾದರೂ ಬರುತ್ತಿದ್ದರು. ಒಂದೊಂದೇ ಅಂಗಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು, ಅವಳು ಹೇಳುತ್ತಿದ್ದಳು. ಮುಂದಿನ ಭಾನುವಾರಕ್ಕೆ ಹನ್ನೊಂದು ಜನ ಯಾರು ಅನ್ನುವುದು ಅರ್ಧ ಆ ಹಿತ್ತಲಲ್ಲೇ ತೀರ್ಮಾನವಾಗುತ್ತಿತ್ತು.

ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ವರ್ಷದ ಕೊನೆಯ ಪಂದ್ಯ ಮುಗಿದ ಮೇಲೆ ಸದಸ್ಯರೆಲ್ಲ ಗ್ರೌಂಡಿನ ಪಕ್ಕದ ಶೆಡ್ಡಿನಲ್ಲಿ ಸೇರುತ್ತಿದ್ದರು. ಮ್ಯಾನೇಜರ್ ತನ್ನ ಕೊರಳಿನ ವಿಷಲ್ ತೆಗೆದು ಮೇಜಿನ ಮೇಲೆ ಇಡಬೇಕು. ಇವರೇ ಮುಂದುವರಿಯಲಿ ಅನ್ನುವವರು ಒಬ್ಬೊಬ್ಬರಾಗಿ ಎದ್ದು ಬಂದು ವಿಷಲ್ ಮುಟ್ಟಿ ಹೋಗಬೇಕು. ಬೇಡ ಅನ್ನುವವರು ಕೂತಲ್ಲೇ ಕೂರಬೇಕು. ಅರ್ಧಕ್ಕಿಂತ ಹೆಚ್ಚು ಜನ ಮುಟ್ಟಿದರೆ ಅವರೇ ಮ್ಯಾನೇಜರ್. ಬಾಯಿಬಿಟ್ಟು ಬೇಡ ಅನ್ನುವ ಸಂಕಟ ಯಾರಿಗೂ ಬಾರದಿರಲಿ ಅಂತ ಹಳಬರು ಮಾಡಿದ ಏರ್ಪಾಡು. ಮಂಚಮ್ಮ ಬಟ್ಟೆ ಒಗೆಯಲು ಬಂದ ಮೊದಲ ವರ್ಷವೇ ಸೂಸೈರಾಜ್ ಅವಳನ್ನೂ ಆ ಶೆಡ್ಡಿಗೆ ಕರೆದುಕೊಂಡು ಹೋದರು. ಯಾರೋ ಗೊಣಗಿದರು, ಬಟ್ಟೆ ಒಗೆಯೋಳಿಗೆ ಇಲ್ಲೇನು ಕೆಲಸ ಅಂತ. ಸೂಸೈರಾಜ್ ಮೂಲೆಯಲ್ಲಿದ್ದ ಕಬ್ಬಿಣದ ಕುರ್ಚಿಯನ್ನು ತಾವೇ ಎಳೆದು ತಂದು, ಕರ್ಚೀಫಿನಲ್ಲಿ ಧೂಳು ಒರೆಸಿ, "ಕೂತ್ಕೊಳ್ಳಮ್ಮ" ಅಂದರು. ಆಮೇಲೆ ಗೊಣಗಿದವನ ಕಡೆ ತಿರುಗಿ, "ನೀನು ಹೋದ ವಾರ ಅರ್ಧ ಆಟಕ್ಕೇ ಸುಸ್ತಾಗಿ ನಿಂತಿದ್ದೆ. ನಂಗೆ ಹೇಳಿದ್ದು ಈಯಮ್ಮ" ಅಂದರು. ಶೆಡ್ಡೆಲ್ಲ ನಕ್ಕಿತು.

ಊರಿಂದ ಬಂದ ಹೆಣ್ಣುಮಗಳು, ಗಂಡ ಸತ್ತವಳು, ಓದು ಬರೆಹ ಇಲ್ಲದವಳು. ಹತ್ತು ಗಂಡಸರ ನಡುವೆ ಕುರ್ಚಿ ಹಾಕಿ ಕೂರಿಸಿದ ದಿನ ಮಂಚಮ್ಮನಿಗೆ ಎಂದೂ ಮರೆತುಹೋಗಲಿಲ್ಲ. ಪ್ರತಿ ವರ್ಷ ವಿಷಲ್ ಮುಟ್ಟಲು ಏಳುವವರಲ್ಲಿ ಅವಳೇ ಮೊದಲಿಗಳು.

ಅಶೋಕ ಆ ಗ್ರೌಂಡಿನಲ್ಲೇ ಬೆಳೆದ. ಹದಿಮೂರು ವರ್ಷ ಕ್ಲಬ್ಬಿಗೆ ಆಡಿದ. ಮೊಣಕಾಲು ಕೈಕೊಟ್ಟ ಮೇಲೆ ಕೋಚಿಂಗ್ ಪರೀಕ್ಷೆ ಬರೆದು ಪಾಸಾಗಿ, ಒಂದು ಸ್ಕೂಲಿನಲ್ಲಿ ಮಕ್ಕಳಿಗೆ ಫುಟ್ಬಾಲ್ ಹೇಳಿಕೊಡುತ್ತಿದ್ದ. ಸೂಸೈರಾಜ್ ರಿಟೈರಾಗಿ ಹತ್ತು ವರ್ಷವಾಗಿತ್ತು. ವಿಷಲ್ ಮಾತ್ರ ಕೊರಳಲ್ಲೇ ಇತ್ತು.

ಆ ವರ್ಷ ಕ್ಲಬ್ಬಿಗೆ ಗ್ರಹಚಾರ ಹಿಡಿಯಿತು. ಜಿಲ್ಲಾ ಲೀಗಿನಲ್ಲಿ ಸಾಲಾಗಿ ಆರು ಪಂದ್ಯ ಸೋತರು. ಹುಡುಗರನ್ನು ತಪ್ಪು ಜಾಗದಲ್ಲಿ ನಿಲ್ಲಿಸುತ್ತಾರೆ, ಬದಲಿ ಹುಡುಗನನ್ನು ಕಳಿಸಬೇಕಾದಾಗ ಕಳಿಸುವುದಿಲ್ಲ ಅಂತ ಮಾತು ಎದ್ದಿತು. ಕ್ಲಬ್ಬಿನ ಸೆಕ್ರೆಟರಿ ಸದಾಶಿವಯ್ಯ, ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಸಗಟು ಅಂಗಡಿಯವರು. ಅವರು ಸಿಕ್ಕಿದವರ ಮುಂದೆಲ್ಲ ಮ್ಯಾನೇಜರ್ ಬದಲಾಗಬೇಕು ಅನ್ನತೊಡಗಿದರು. ಹಳೇ ಗೋಲ್‌ಕೀಪರ್ ಶಿವರಾಮು, ಈಗ ಆಟೋ ಓಡಿಸುವವನು, ಅಷ್ಟೇ ಜೋರಾಗಿ ಬೇಡ ಅನ್ನುತ್ತಿದ್ದ.

ಮಂಚಮ್ಮ ಎರಡೂ ಕಡೆಯ ಮಾತು ಕೇಳಿಸಿಕೊಳ್ಳುತ್ತಿದ್ದಳು. ಆದರೆ ಒಂದು ಸಂಗತಿ ಅವಳ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಒಂದು ವರ್ಷದಿಂದ ಸೂಸೈರಾಜ್ ಅಂಗಿಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಕೈ ಮಡಿಲಲ್ಲಿಟ್ಟುಕೊಂಡು, "ನೀನೇ ಹೇಳಮ್ಮ" ಅನ್ನುತ್ತಿದ್ದರು.

ಕೊನೆಯ ಪಂದ್ಯವನ್ನೂ ಸೋತರು. ಮಾರನೇ ದಿನ ಚೀಲದಿಂದ ತೆಗೆದ ಐದನೇ ನಂಬರಿನ ಅಂಗಿ ಮಂಚಮ್ಮನ ಕೈಯಲ್ಲೇ ಉಳಿಯಿತು. ಮುಂಭಾಗದಲ್ಲಿ ವಾಂತಿಯ ಹುಳಿ ನಾತ. ಕಾಲರಿನ ಹಿಂದೆ ಅಂಗೈಯಗಲ ರಕ್ತ ಒಣಗಿ ಗಟ್ಟಿಯಾಗಿತ್ತು. ಅದು ವಿಲ್ಸನ್ ತೊಡುವ ಅಂಗಿ. ಹತ್ತೊಂಬತ್ತು ವರ್ಷದ, ಮಾತು ಕಡಿಮೆಯ ಹುಡುಗ.

ಹನ್ನೊಂದಕ್ಕೆ ಸೂಸೈರಾಜ್ ಬಂದರು. ಅವಳು ಅಂಗಿಯನ್ನು ಅವರ ಮುಂದೆ ಹಿಡಿದಳು. "ಈ ಕಾಲರ್ ನೋಡಿ ಸಾರ್."

ಸೂಸೈರಾಜ್ ಮುಖ ಮುಂದೆ ತಂದರು. "ಕೆಸರು. ಗೋಲ್ ಹತ್ರ ಬಿದ್ದಿರಬೇಕು."

ಮಳೆ ಬಿದ್ದು ಮೂರು ತಿಂಗಳಾಗಿತ್ತು. ಇಡೀ ಗ್ರೌಂಡು ಧೂಳು. ಮಂಚಮ್ಮ ಅಂಗಿಯ ಬೆನ್ನನ್ನು ಅವರ ಕಡೆಗೆ ತಿರುಗಿಸಿದಳು. ಕಡುನೀಲಿ ಬಟ್ಟೆ, ಅದರ ಮೇಲೆ ಊಟದ ತಟ್ಟೆಯಷ್ಟು ದೊಡ್ಡದಾಗಿ ಬಿಳಿಯ ಐದು.

"ಯಾವ ನಂಬರಮ್ಮ ಇದು?" ಅಂದರು ಸೂಸೈರಾಜ್.

ನಲ್ಲಿಯ ಕೆಳಗಿನ ಬಕೆಟ್ಟು ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಮಂಚಮ್ಮ ಎದ್ದು ನಲ್ಲಿ ನಿಲ್ಲಿಸಿದಳು. "ಐದು ಸಾರ್" ಅಂದಳು.

ಅವರು ಹೋದ ಕೂಡಲೇ ಒದ್ದೆ ಕೈಯಲ್ಲೇ ವಿಲ್ಸನ್ ಮನೆಗೆ ಓಡಿದಳು. ಹುಡುಗ ಚಾಪೆ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಬೆಳಕು ಕಂಡರೆ ತಲೆ ಸಿಡಿಯುತ್ತದೆ ಅಂದ. ಮನೆಯವರಿಗೆ ಹೇಳಿ ಆಸ್ಪತ್ರೆಗೆ ಸೇರಿಸಿದ್ದಾಯಿತು. ತಲೆಯೊಳಗೆ ಪೆಟ್ಟು, ದೇವರ ದಯೆ, ರಕ್ತ ಹೆಪ್ಪುಗಟ್ಟಿಲ್ಲ, ಇನ್ನೊಂದು ಪೆಟ್ಟು ಬಿದ್ದಿದ್ದರೆ ಉಳಿಯುವುದು ಕಷ್ಟವಿತ್ತು ಅಂದರು ಡಾಕ್ಟರು. ಒಂದು ತಿಂಗಳು ಗ್ರೌಂಡಿನ ಕಡೆ ತಲೆ ಹಾಕಬಾರದು.

ಮಾರನೇ ದಿನ ಎಳನೀರು ತೆಗೆದುಕೊಂಡು ಹೋದಾಗ ಮಂಚಮ್ಮ ಮೆಲ್ಲಗೆ ಕೇಳಿದಳು: "ಯಾಕಪ್ಪ, ಆಚೆ ಬಂದ್ಬುಡಬಾರದಿತ್ತಾ?"

"ಕೈ ಎತ್ತಿದೆ ಅಜ್ಜಿ."

ಆ ಕ್ಲಬ್ಬಿನಲ್ಲಿ ನೋವಾದವನು ಕೂಗುವಂತಿಲ್ಲ. ಎದುರಿನ ಟೀಮಿಗೆ ಗೊತ್ತಾದರೆ ಅವನ ಮೇಲೇ ನುಗ್ಗುತ್ತಾರೆ ಅಂತ. ಒಂದು ಕೈ ಮೇಲೆತ್ತಿ ಮ್ಯಾನೇಜರ್ ಕಡೆ ನೋಡಬೇಕು. ಅವರೂ ಕೈ ಎತ್ತಿದರೆ ಆಚೆ ಬಾ ಅಂತ. ತಲೆ ಮೇಲೆ ಚಪ್ಪಾಳೆ ತಟ್ಟಿದರೆ, ಏನಾಗಿಲ್ಲ, ಆಡು ಅಂತ. ಇದು ಸೂಸೈರಾಜರೇ ಕಲಿಸಿದ್ದು.

"ಕಾರ್ನರಲ್ಲಿ ತಲೆಗೆ ತಲೆ ಹೊಡೀತು. ಗೋಲ್ ಹಿಂದೆ ಹೋಗಿ ವಾಂತಿ ಮಾಡ್ದೆ. ಬಂದು ಕೈ ಎತ್ತಿದೆ. ಸಾರ್ ನನ್ನೇ ನೋಡ್ತಿದ್ರು ಅಜ್ಜಿ. ಚಪ್ಪಾಳೆ ತಟ್ಟಿದ್ರು. ಸಾರ್ ಕಣ್ಣಿಗೆ ಎಲ್ಲಾ ಕಾಣುತ್ತಲ್ಲ, ಅವರೇ ಆಡು ಅಂದ್ಮೇಲೆ ಏನಿಲ್ಲ ಅಂದ್ಕೊಂಡೆ." ಎಳನೀರು ಕೆಳಗಿಟ್ಟು ಹೇಳಿದ: "ಯಾರಿಗೂ ಹೇಳಿಲ್ಲ. ಸಾರ್ ಮೇಲೆ ದೂರು ಹೇಳಿದಂಗಾಗುತ್ತೆ."

ಬುಧವಾರ ಸಾಯಂಕಾಲ ಮಂಚಮ್ಮ ಚರ್ಚಿನ ಹಿಂದಿನ ಬೀದಿಯಲ್ಲಿದ್ದ ಸೂಸೈರಾಜರ ಮನೆಗೆ ಹೋದಳು. ಬಾಗಿಲು ತೆಗೆದ ಅವರ ಹೆಂಡತಿ ಸಹಾಯಮೇರಿ, ಮುಖ ನೋಡಿದ ಕೂಡಲೇ ಅರ್ಥಮಾಡಿಕೊಂಡಳು.

"ನಿಮಗೆ ಗೊತ್ತಾಗ್ಬುಡ್ತಾ?" ಅಂತ ಪಿಸುಗುಟ್ಟಿದಳು. "ಕಣ್ಣಿನ ನರ ಒಣಗ್ತಾ ಇದೆಯಂತೆ ಮಂಚಮ್ಮ. ಆಪರೇಷನ್ ಮಾಡಿದ್ರೂ ಹೋದ ದೃಷ್ಟಿ ಬರಲ್ವಂತೆ. ನನ್ನ ಕೈಲಿ ಆಣೆ ಹಾಕಿಸ್ಕೊಂಡವ್ರೆ, ಯಾರಿಗೂ ಹೇಳಬಾರದು ಅಂತ. ಅವರು ಗ್ರೌಂಡಿಗೆ ಹೋಗಿ ವಾಪಸ್ ಬರೋವರೆಗೂ ನಾನು ಜಪಮಾಲೆ ಹಿಡ್ಕೊಂಡು ಬಾಗಿಲಲ್ಲೇ ನಿಂತಿರ್ತೀನಿ."

ಸೂಸೈರಾಜ್ ಒಳಗೆ ಚೆಂಡಿಗೆ ಗಾಳಿ ಸಾಕೋ ಇಲ್ಲವೋ ಅಂತ ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಿದ್ದರು.

"ವಿಲ್ಸನ್ ಕೈ ಎತ್ತಿದ್ನಂತೆ ಸಾರ್" ಅಂದಳು ಮಂಚಮ್ಮ.

ಹೆಬ್ಬೆರಳು ನಿಂತಿತು. "ಯಾವಾಗ?"

"ಎರಡನೇ ಹಾಫಲ್ಲಿ. ನೀವು ಚಪ್ಪಾಳೆ ತಟ್ಟಿದ್ರಂತೆ."

ಗೋಡೆಯ ಮೇಲಿನ ಮಾತೆಯ ಪಟದ ಕೆಳಗೆ ಕೆಂಪು ಬಲ್ಬು ಉರಿಯುತ್ತಿತ್ತು. ಸೂಸೈರಾಜ್ ಆ ಬೆಳಕಿನ ಕಡೆ ಮುಖ ತಿರುಗಿಸಿದರು. "ನಾನು ಎಲ್ಲರಿಗೂ ತಟ್ಟಿದೆ ಕಣಮ್ಮ" ಅಂದರು ಕೊನೆಗೆ. "ಹುಡುಗರು ಸೊರಗಿದ್ರು, ಹುರುಪು ಬರಲಿ ಅಂತ ತಟ್ಟಿದೆ. ಅವನು ಕೈ ಎತ್ತಿದ್ದು..."

"ನೀವೇ ಬುಟ್ಬುಡಿ ಸಾರ್. ಭಾನುವಾರ ವಿಷಲ್ ಇಡೋವಾಗ ನೀವೇ ಸಾಕು ಅಂದ್ಬುಡಿ."

"ಬಿಟ್ಟು ಏನು ಮಾಡ್ಲಿ?" ಅವರ ದನಿ ಏರಿತು. "ಈ ದಾರ ಕೊರಳಲ್ಲಿದ್ರೆ ಬೀದೀಲಿ ನಾಲ್ಕು ಜನ ನಿಂತು ಮಾತಾಡಿಸ್ತಾರೆ. ಇದನ್ನ ತೆಗೆದುಬಿಟ್ರೆ ನಾನು ಗೋಡೆ ತಡವಿಕೊಂಡು ಕಕ್ಕಸಿಗೆ ಹೋಗೋ ಮುದುಕ, ಅಷ್ಟೇ. ಇನ್ನೊಂದು ವರ್ಷ ಸಾಕು. ಅಶೋಕನ್ನ ಪಕ್ಕದಲ್ಲಿ ನಿಲ್ಲಿಸ್ಕೋತೀನಿ."

"ಆ ಒಂದು ವರ್ಷದಲ್ಲಿ ಇನ್ನೊಂದು ಕೈ ಎದ್ರೆ?"

ಸೂಸೈರಾಜ್ ಚೆಂಡನ್ನು ನೆಲಕ್ಕೆ ಬಿಟ್ಟರು. ಅದು ಉರುಳಿಕೊಂಡು ಹೋಗಿ ಮಂಚಕ್ಕೆ ತಗುಲಿ ನಿಂತಿತು. ಎಲ್ಲಿ ನಿಂತಿತು ಅಂತ ಕಿವಿಗೊಟ್ಟು ಕೇಳಿದರು.

"ನೀನು ಮುಟ್ಟು, ಬಿಡು, ಅದು ನಿನ್ನ ಇಷ್ಟ" ಅಂದರು. "ಒಂದೇ ಒಂದು ಕೇಳ್ಕೋತೀನಿ. ಕುರುಡ ಆಗಿಬಿಟ್ಟ ಅಂತ ನನ್ನ ಕಳಿಸಬೇಡಿ. ಸೋತ ಅಂತ ಕಳಿಸ್ಲಿ. ಸೋತೋನು ಅನ್ನಿಸ್ಕೊಂಡು ಬದುಕಿರಬಲ್ಲೆ."

"ನನ್ನ ಬಾಯಿಂದ ಬರಲ್ಲ ಸಾರ್" ಅಂದಳು ಮಂಚಮ್ಮ.

ಭಾನುವಾರ ಶೆಡ್ಡಿನಲ್ಲಿ ಹನ್ನೊಂದು ಜನ ಸದಸ್ಯರೂ ಬಂದಿದ್ದರು. ಅಶೋಕ ಬಾಗಿಲ ಬಳಿ, ಮಂಚಮ್ಮ ತನ್ನ ಕಬ್ಬಿಣದ ಕುರ್ಚಿಯಲ್ಲಿ. ಸೂಸೈರಾಜ್ ಮೇಜಿನ ಆಚೆ ನೆಟ್ಟಗೆ ಕೂತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಸಾಲಾಗಿ ಏಳು ಸೋಲು" ಅಂತ ಶುರುಮಾಡಿದರು ಸದಾಶಿವಯ್ಯ. "ಒಬ್ಬ ಹುಡುಗ ಆಸ್ಪತ್ರೆ ಸೇರಿದ. ಗೌರವ ಇದೆ, ಇಲ್ಲ ಅನ್ನಲ್ಲ. ಆದರೆ ಅಶೋಕನಂಥ ಕಲಿತ ಹುಡುಗ ಕೈಯಲ್ಲಿರೋವಾಗ..."

"ಬೆಲ್ಲದ ಮೇಲಿನ ನೊಣ ಓಡಿಸೋರು ಆಟದ ವಿಷಯ ಮಾತಾಡ್ತಾರಲ್ಲಪ್ಪ" ಅಂದ ಶಿವರಾಮು.

"ನಿನ್ನ ಆಟೋಗೆ ರಿವರ್ಸ್ ಗೇರ್ ಇದ್ರೆ ಸಾಕು ಕಣೋ, ಕ್ಲಬ್ಬಿಗೂ ಬೇಕಾ?"

ಒಂದಿಬ್ಬರು ನಕ್ಕರು. ಸೂಸೈರಾಜ್ ನಗಲಿಲ್ಲ. ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆದು, ಮೇಜಿನ ಅಂಚನ್ನು ಬೆರಳಲ್ಲಿ ಹುಡುಕಿಕೊಂಡು, ವಿಷಲ್ ಇಟ್ಟರು.

ಮೊದಲು ಎದ್ದವನು ಶಿವರಾಮು. ಧಡಧಡ ನಡೆದು ಬಂದು ಮುಟ್ಟಿ ಹೋದ. ಅವನ ಹಿಂದೆ ಹಳಬರು ಮೂವರು. ಆಮೇಲೆ ಅಶೋಕ ಬಂದ. ತನ್ನ ಹೆಸರು ಹೇಳುತ್ತಿದ್ದಾರೆ ಅಂತ ಗೊತ್ತಿದ್ದೂ ಬಂದು, ವಿಷಲ್ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು ಹೋದ. ಐದಾಯಿತು. ಇನ್ನೊಬ್ಬರು ಬಂದರೆ ಸೂಸೈರಾಜ್ ಉಳಿಯುತ್ತಾರೆ. ಎಲ್ಲರ ಮುಖ ಮಂಚಮ್ಮನ ಕಡೆ ತಿರುಗಿತು. ಪ್ರತಿ ವರ್ಷ ಮೊದಲು ಏಳುವವಳು ಇನ್ನೂ ಯಾಕೆ ಕೂತಿದ್ದಾಳೆ ಅಂತ.

ಸೂಸೈರಾಜ್ ಮಾತ್ರ ಅವಳ ಕಡೆ ತಿರುಗಲಿಲ್ಲ. ತಲೆಯನ್ನು ಒಂದಿಷ್ಟು ವಾಲಿಸಿ ಕೂತಿದ್ದರು. ಹೆಜ್ಜೆ ಕೇಳುತ್ತಿದ್ದಾರೆ ಅಂತ ಆ ಶೆಡ್ಡಿನಲ್ಲಿ ಮಂಚಮ್ಮ ಒಬ್ಬಳಿಗೇ ಗೊತ್ತಿತ್ತು. ಅವಳ ಕಾಲುಂಗುರ ಸಿಮೆಂಟು ನೆಲಕ್ಕೆ ತಗುಲುವ ಸದ್ದು ಇಪ್ಪತ್ತಾರು ವರ್ಷದಿಂದ ಅವರ ಕಿವಿಗೆ ಗುರುತು. ಗಂಡ ಹೋದ ಮೇಲೂ ಅವಳು ಅದನ್ನು ತೆಗೆದಿರಲಿಲ್ಲ. ಬೆರಳು ಊದಿಕೊಂಡು, ಅದು ಹೊರಗೆ ಬರುವಂತಿರಲಿಲ್ಲ.

ಮಂಚಮ್ಮ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದಳು. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಳು. ಅಂದು ಕರ್ಚೀಫಿನಲ್ಲಿ ಧೂಳು ಒರೆಸಿದ ಸೂಸೈರಾಜರ ಕೈ ಎದುರಿಗೇ, ಮೇಜಿನ ಮೇಲೆ ಬರಿದಾಗಿ ಬಿದ್ದಿತ್ತು. ಅದನ್ನು ನೋಡಲಾರದೆ ತನ್ನ ಮಡಿಲು ನೋಡಿದಳು. ಏಳಲಿಲ್ಲ.

ಸೂಸೈರಾಜ್ ನಿಧಾನವಾಗಿ ತಲೆ ಆಡಿಸಿದರು. "ಆಯ್ತು" ಅಂದರು. "ಅಶೋಕ, ಬಾರಪ್ಪ."

ಹೊರಗೆ ಬಂದಾಗ ಶಿವರಾಮು ಎದುರಿಗೆ ನಿಂತ. "ಏನಮ್ಮೋ, ಅನ್ನ ಕೊಟ್ಟ ಮನೆಯಿಂದ ಕಿತ್ಕೊಂಡು ಮಗನಿಗೆ ಪಟ್ಟ ಕಟ್ಬುಟ್ಟೆ. ಸಮಾಧಾನ ಆಯ್ತಾ?"

ಮಂಚಮ್ಮ ಸೆರಗು ಸರಿಮಾಡಿಕೊಂಡು ನಡೆದಳು. ಮನೆಯಲ್ಲಿ ಅಶೋಕ ವಿಷಲ್ಲನ್ನು ಅವಳ ಮುಂದೆ ಇಟ್ಟ. ಅವನ ಕಣ್ಣು ಕೆಂಪಾಗಿತ್ತು. "ನಾನೇ ಮುಟ್ಟಿ ಬಂದೆ. ನೀನು ಯಾಕವ್ವ ಕೂತೆ? ನಾನು ಕೇಳಿದ್ನಾ ಇದನ್ನ?"

"ನೀನು ಕೇಳಲಿಲ್ಲ ಕಣಪ್ಪ. ನಿನಗೋಸ್ಕರ ಕೂತಿದ್ದಲ್ಲ."

"ಮತ್ಯಾರಿಗೋಸ್ಕರ?"

"ಊಟಕ್ಕೇಳು" ಅಂದಳು ಮಂಚಮ್ಮ. ಆಮೇಲೆ ತಟ್ಟೆ ಇಡುತ್ತಾ ಒಂದೇ ಮಾತು ಸೇರಿಸಿದಳು. "ಹುಡುಗರು ಕೈ ಎತ್ತಿದ್ರೆ ನೋಡು. ಬಾಲ್ ಎಲ್ಲಿಗಾದ್ರೂ ಹೋಗ್ಲಿ. ಮೊದಲು ಕೈ ನೋಡು."

ಆ ಮೇಲಿನ ದಿನಗಳು ಅವಳಿಗೆ ಭಾರವಾದವು. ನಲ್ಲಿ ಹತ್ತಿರ ಮಾತಾಡುತ್ತಿದ್ದವರು ಅವಳು ಬಂದರೆ ಸುಮ್ಮನಾಗುತ್ತಿದ್ದರು. ಶಿವರಾಮು ಅವಳನ್ನು ಕಂಡರೆ ಖಾಲಿ ಆಟೋವನ್ನೂ ನಿಲ್ಲಿಸದೆ ಹೋಗುತ್ತಿದ್ದ. ವಿಲ್ಸನ್ ಕೂಡ ಒಂದು ಸಲ ಮುಖ ತಿರುಗಿಸಿದ. ನಿಜ ಒಂದು ಮಾತಿನಷ್ಟು ದೂರದಲ್ಲಿತ್ತು, ಅವಳು ಆಡಲಿಲ್ಲ. ಮೂರು ಸೋಮವಾರ ಮೆಟ್ಟಿಲು ಖಾಲಿಯಿತ್ತು.

ಅಶೋಕನ ಕೈಕೆಳಗೆ ಹುಡುಗರು ಮೊದಲ ಪಂದ್ಯ ಆಡಿದ್ದು ನಾಲ್ಕನೇ ಭಾನುವಾರ. ಗೆಲ್ಲಲಿಲ್ಲ, ಸೋಲಲೂ ಇಲ್ಲ. ಮಾರನೇ ದಿನ ಗೋಣಿಚೀಲ ಹಿತ್ತಲಿಗೆ ಬಂತು. ಹನ್ನೊಂದು ಗಂಟೆಯ ಹೊತ್ತಿಗೆ ಬೀದಿ ಕಡೆಯ ಕಾಂಪೌಂಡಿನ ಮೇಲೆ ಉಗುರು ಸವರುವ ಸದ್ದಾಯಿತು. ಸೂಸೈರಾಜ್ ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಅವರ ಕೊರಳು ಬರಿದಾಗಿತ್ತು. ಹಿಂದೆ ಬೀದಿಯ ತಿರುವಿನಲ್ಲಿ ಸಹಾಯಮೇರಿ ನಿಂತಿದ್ದಳು, ಗಂಡನಿಗೆ ಗೊತ್ತಾಗದ ಹಾಗೆ. ಮೆಟ್ಟಿಲು ಸಿಕ್ಕಿದ ಮೇಲೆ ಅವಳು ಹಿಂದಿರುಗಿದಳು.

ಸೂಸೈರಾಜ್ ಕೂತರು. ಮಂಚಮ್ಮ ಕಲ್ಲಿನ ಮುಂದೆ ಕೂತೇ ಇದ್ದಳು. ಸೀಬೆ ಮರದಲ್ಲಿ ಅಳಿಲು ಕೂಗುತ್ತಿತ್ತು. ಸಭೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

"ಕೊಡಮ್ಮ" ಅಂದರು ಸೂಸೈರಾಜ್, ಕೈ ಚಾಚಿ. "ಐದನೇದು ಕೊಡು."

ಅವಳು ಚೀಲದಲ್ಲಿ ಹುಡುಕಿ ಕೊಟ್ಟಳು. ಅವರು ಅಂಗಿಯನ್ನು ಮಡಿಲ ಮೇಲೆ ಹರಡಿ, ಬೆನ್ನಿನ ಮೇಲೆ ಹೊಲಿದ ನಂಬರಿನ ಅಂಚನ್ನು ಬೆರಳಿನಿಂದ ಸುತ್ತಿ ಬಂದರು. ಐದೇ ಅಂತ ಖಾತ್ರಿಯಾದ ಮೇಲೆ ಕಾಲರನ್ನು ತಡವಿದರು, ಕಂಕುಳು ತಡವಿದರು. ಆಮೇಲೆ ಮೂಗಿನ ಹತ್ತಿರ ಹಿಡಿದರು.

"ಇದು ಒಗೆದಿರೋದು."

"ಹೂಂ ಸಾರ್. ನಾನು ಮಡಿಸಿಕೊಟ್ಟ ಹಾಗೇ ವಾಪಸ್ ಬಂದದೆ. ವಿಲ್ಸನ್ ಬಂದು ಅತ್ತು ಕರೆದು ಆಡ್ತೀನಿ ಅಂದನಂತೆ. ಅಶೋಕ ಬುಡಲಿಲ್ಲ. ಕೂರಿಸಿಬುಟ್ಟ."

ಸೂಸೈರಾಜ್ ಅಂಗಿಯನ್ನು ಮುಖದಿಂದ ತೆಗೆಯಲಿಲ್ಲ. ಬಹಳ ಹೊತ್ತಾದ ಮೇಲೆ ಅದನ್ನು ಮಡಿಲಿಗೆ ಇಳಿಸಿ, ತೋಳಿಗೆ ತೋಳು ಕೂಡಿಸಿ, ಅಂಚಿಗೆ ಅಂಚು ಸೇರಿಸಿ, ಒಂದು ಸುಕ್ಕೂ ಉಳಿಯದ ಹಾಗೆ ಮಡಿಸಿದರು.

"ಸರಿ" ಅಂದರು. "ಇನ್ನು ಮಿಕ್ಕಿದ್ದು ಹೇಳು."

ಮಂಚಮ್ಮ ಕಣ್ಣೊರೆಸಿಕೊಂಡು ಚೀಲದಿಂದ ಎರಡನೇ ನಂಬರಿನ ಅಂಗಿ ತೆಗೆದಳು. "ಎರಡನೇ ನಂಬರು ಯಾರು ತೊಟ್ರೂ ಕಾಲರ್ ಕಚ್ಚೋದು ಬುಡಲ್ಲ ಸಾರ್" ಅಂದಳು.